ಗಾಯ ಗಾಳಿಗೆ ಬಿಟ್ಟರೆ ಕಲೆ ಇರಲ್ವಾ?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: 'ಗಾಯ ಗಾಳಿಗೆ ಬಿಡಿ, ಮೊದಲ ದಿನದಿಂದಲೇ ಸಿಲಿಕೋನ್ ಜೆಲ್ ಹಚ್ಚಿ, ಕಲೆಯೇ ಇರಲ್ಲ.' ಎರಡೂ ತಪ್ಪು. ಗಾಯ ಒಣಗಿದರೆ ಹಕ್ಕಳೆ ಕಟ್ಟುತ್ತದೆ; ಹೊಸ ಚರ್ಮ ಅದರಡಿ ನುಸುಳಿಕೊಂಡು ಬೆಳೆಯಬೇಕು. ತೇವ ಉಳಿಸಿ ಮುಚ್ಚಿದ ಗಾಯ ಬೇಗ ಮಾಯುತ್ತದೆ ಅಂತ ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು. ಮುಂಬೈ ಮಳೆಗಾಲದ ತೇವವಲ್ಲ ಮತ್ತೆ, ಶುಭ್ರ ಪಟ್ಟಿಯ ಒಳಗಿನ ತೇವ!

ಸಿಲಿಕೋನ್ ಜೆಲ್ ಏನಿದ್ದರೂ ಗಾಯ ಪೂರ್ತಿ ಕೂಡಿದ ಮೇಲೆ. ಅದೂ ತಿಂಗಳುಗಟ್ಟಲೆ. ಕಲೆ ಸಪಾಟಾಗಬಹುದು, ಅಳಿಸಿಹೋಗಲ್ಲ.

ಕೀಲಾಯ್ಡ್, ಅಂದರೆ ಗಾಯದ ಅಂಚು ಮೀರಿ ಗಂಟಾಗಿ ಬೆಳೆಯುವ ಕಲೆ, ಬೇರೆಯೇ ಕಥೆ. ಅಕ್ಕನಿಗೆ ಕಿವಿ ಚುಚ್ಚಿಸಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ಮುಲಾಮು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅದಕ್ಕೇ ಡಾಕ್ಟರು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಗಂಟಿನೊಳಗೇ ಚುಚ್ಚಿದರು, ತಿಂಗಳಿಗೊಮ್ಮೆ.