ಆ ಸೂಪಿನ ಕೀರ್ತಿ ಹಸಿವಿಗೇಕೆ?

ಯುರೋಪಿನ ತಾತ್ರಾ ಪರ್ವತದ ಫೋಟೋ ಹಾಕಿದ ದಿನದಿಂದ ಒಂದೇ ಮಾತು ಕೇಳುತ್ತಿದ್ದೇನೆ. ಅಲ್ಲಿ ಕುಡಿದ ಬೆಳ್ಳುಳ್ಳಿ ಸೂಪನ್ನು ಹೊಗಳಿದ್ದಕ್ಕೆ, "ಅಷ್ಟು ಹೊತ್ತು ಹಿಮದಲ್ಲಿ ನಡೆದವರಿಗೆ ಬರೀ ಬಿಸಿನೀರು ಕೊಟ್ಟರೂ ಅಮೃತವೇ. ಹಸಿವು ರುಚಿ ಅರಿಯದು" ಎಂದು ಸ್ನೇಹಿತರು ತೀರ್ಪು ಕೊಟ್ಟಿದ್ದಾರೆ. ಗಾದೆಗಳ ಮೇಲೆ ನನಗೆ ಗೌರವವಿದೆ. ಆದರೆ ಇದನ್ನು ಒಪ್ಪಲಾರೆ.

ಸ್ಲೊವಾಕಿಯಾದ ಸ್ತಾರಿ ಸ್ಮೊಕೊವೆಟ್ಸ್ ಊರಿನಿಂದ ಹಗ್ಗ ಎಳೆಯುವ ಪುಟ್ಟ ರೈಲೊಂದು 1285 ಮೀಟರ್ ಎತ್ತರದ ಹ್ರೆಬಿಯೆನೊಕ್‌ವರೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಕಾಲೇ ಗತಿ. ಕಾಡು ಮುಗಿದ ಮೇಲೆ ಸಿಗುವ ಕಣಿವೆಯ ಹೆಸರು ಮಲಾ ಸ್ತುದೆನಾ ದೋಲಿನಾ, ಅಂದರೆ ಚಿಕ್ಕ ತಣ್ಣನೆಯ ಕಣಿವೆ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಹಿಮಕುಸಿತದ ಮುನ್ಸೂಚನೆ ಚೆನ್ನಾಗಿರಲಿಲ್ಲವೆಂದು ಒಂದು ದಿನ ಕೆಳಗೇ ಕಾದು, ಮರುದಿನ ಬೂಟಿಗೆ ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ತಡೆಯುವ ಲೋಹದ ಮುಳ್ಳುಗಳ ಚೌಕಟ್ಟು) ಕಟ್ಟಿಕೊಂಡು ಕೊನೆಯ ಕಡಿದಾದ ಏರು ಹತ್ತಿದೆವು. ಮೇಲೆ, 2015 ಮೀಟರ್ ಎತ್ತರದಲ್ಲಿ, ತೇರಿಹೊ ಹಾತಾ. 'ಹಾತಾ' ಎಂದರೆ ಬೆಟ್ಟದ ತಂಗುಮನೆ. 1899ರಿಂದ ಅಲ್ಲಿದೆ, ಚಳಿಗಾಲದಲ್ಲೂ ಬಾಗಿಲು ಮುಚ್ಚುವುದಿಲ್ಲ. ಅದರಾಚೆಯ ದಾರಿಗಳು ಮಾತ್ರ ಚಳಿಗಾಲದಲ್ಲಿ ಚಾರಣಿಗರಿಗೆ ಬಂದ್. ಹಾಗಾಗಿ ಶಿಖರದ ಗೊಡವೆಯೇ ಇಲ್ಲ, ಊಟ ಮಾಡಿ ಇಳಿಯುವುದಷ್ಟೇ.

ನನ್ನ ವಾದಕ್ಕೆ ಸಾಕ್ಷಿ ನನ್ನ ಜೇಬಿನಲ್ಲೇ ಇತ್ತು. ಆ ಕೊನೆಯ ಏರಿನ ಬುಡದಲ್ಲಿ, ಹೊಟ್ಟೆ ಬೆನ್ನಿಗಂಟಿದ್ದಾಗ, ಒಂದು ಎನರ್ಜಿ ಬಾರ್ ಕಚ್ಚಿದ್ದೆ. ಚಳಿಗೆ ಸೆಟೆದು ಮರದ ಚಕ್ಕೆಯಾಗಿತ್ತು. ಅರ್ಧ ತಿಂದು ಮತ್ತೆ ಜೇಬಿಗೆ ಹಾಕಿದೆ. ಹಸಿವಿಗೆ ನಿಜಕ್ಕೂ ರುಚಿ ತಿಳಿಯದಿದ್ದರೆ ಅದೂ ಅಮೃತವಾಗಬೇಕಿತ್ತಲ್ಲ?

ಒಳಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಮಂಜು ಕವಿದು ಏನೂ ಕಾಣದಾಯಿತು. ಮೊದಲು ತಿಳಿದದ್ದು ವಾಸನೆ. ಬಟ್ಟಲು ಬಂದಾಗ ಚಮಚ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಎರಡೂ ಅಂಗೈಗಳಲ್ಲಿ ಬಟ್ಟಲನ್ನು ಅಪ್ಪಿ ಹಿಡಿದು ಆವಿ ಕುಡಿಯುತ್ತಾ ಕುಳಿತೆ. ಬೆಳ್ಳುಳ್ಳಿಯನ್ನು ಅವರು ಬೇಯಿಸಿ ಮೆತ್ತಗೆ ಮಾಡಿರಲಿಲ್ಲ. ಒಂದಷ್ಟನ್ನು ಕೊನೆಗೆ ಜಜ್ಜಿ ಹಾಕಿದ್ದರು, ಘಾಟು ನೇರ ಮೂಗಿಗೆ ಏರುತ್ತಿತ್ತು. ತಳದಲ್ಲಿ ಚೀಸ್ ಕರಗಿ ಚಮಚದ ಹಿಂದೆ ನೂಲಿನಂತೆ ಬರುತ್ತಿತ್ತು. ಹುರಿದ ಬ್ರೆಡ್ ತುಂಡುಗಳನ್ನು ಬೇರೆ ತಟ್ಟೆಯಲ್ಲಿ ಕೊಟ್ಟಿದ್ದರು, ನೆನೆದು ಮುದ್ದೆಯಾಗದಿರಲಿ ಎಂದು. ಉಪ್ಪು ಕೆಳಗಿನ ಹೋಟೆಲಿನಲ್ಲಾಗಿದ್ದರೆ ಹೆಚ್ಚಾಯಿತು ಎನ್ನುತ್ತಿದ್ದೆ. ಇಲ್ಲಿ ಸರಿಯಾಗಿತ್ತು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಜಾಕೆಟ್ಟಿನೊಳಗೆ ಬೆವರು ಸುರಿಯುತ್ತಲೇ ಇರುತ್ತದೆ, ಒಣಗಾಳಿಯಲ್ಲಿ ಉಸಿರಿನೊಂದಿಗೂ ನೀರು ಹೋಗುತ್ತದೆ. ಬಂದವರ ಮೈ ಏನು ಕಳೆದುಕೊಂಡಿದೆ ಎಂದು ಲೆಕ್ಕ ಹಾಕಿ ಉಪ್ಪು ಹಾಕುವುದು ಹಸಿವಿನ ಕೆಲಸವಲ್ಲ, ಅಡುಗೆಯವರ ಕೆಲಸ.

ಅಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕಾಳು ಬೇಗ ಬೇಯುವುದಿಲ್ಲ. ಪಕ್ಕದ ಮೇಜಿನವರ ಹುರುಳಿಕಾಯಿ ಬೀಜದ ಸೂಪಿನಲ್ಲಿ ಒಂದು ಕಾಳೂ ಹಲ್ಲಿಗೆ ಗಟ್ಟಿಯಾಗಿ ಸಿಗಲಿಲ್ಲವಂತೆ. (ಕೇಳಿ ತಿಳಿದುಕೊಂಡೆ. ನಾಚಿಕೆ ಬಿಟ್ಟವನು.)

ಅದೇ ಮೇಜಿನಲ್ಲಿ ಒಬ್ಬರು ಬೆಲೆ ಜಾಸ್ತಿ, ಪಟ್ಟಿಯಲ್ಲಿ ನಾಲ್ಕೇ ಐಟಂ ಎಂದು ಗೊಣಗುತ್ತಿದ್ದರು. ಅಲ್ಲಿಗೆ ರಸ್ತೆಯಿಲ್ಲ ಸ್ವಾಮಿ! ನೀವು ಉಸಿರು ಬಿಡುತ್ತಾ ಹತ್ತಿದ ಅದೇ ಹಿಮದ ದಾರಿಯಲ್ಲಿ ಮನುಷ್ಯರು ಸಾಮಾನು ಹೊತ್ತು ತರುತ್ತಾರೆ. ಅವರನ್ನು 'ನೊಸಿಚ್' ಎನ್ನುತ್ತಾರೆ. 60 ಕಿಲೋ ಮೀರಿದ ಹೊರೆ ಅವರಿಗೆ ಅಪರೂಪವಲ್ಲ. ಹೊರಗೆ ಗೋಡೆಗೆ ಒರಗಿಸಿದ್ದ ಮರದ ಹೊರೆಚೌಕಟ್ಟು ನನ್ನ ತಲೆಗಿಂತ ಎತ್ತರವಿತ್ತು. ಭುಜದ ಪಟ್ಟಿ ಬೆವರಿಗೆ ಕಪ್ಪಾಗಿತ್ತು. ಗೊಣಗಿದವರು ಅದರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಂಡರು, ಇರಲಿ.

ಹೊರಡುವ ಹೊತ್ತಿಗೆ ಜನ ಕರಗಿದ್ದರು. ಅಡುಗೆಯ ಹೆಂಗಸು ಕಿಟಕಿಯ ಪಕ್ಕ ಕುಳಿತು ಅದೇ ಸೂಪು ಕುಡಿಯುತ್ತಿದ್ದರು. ಬೆಳಗಿನಿಂದ ಒಲೆಯ ಮುಂದೆ ಬೆಚ್ಚಗೆ ಇದ್ದವರು, ಹಿಮದಲ್ಲಿ ನಾಲ್ಕು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದು, ಇನ್ನರ್ಧ ಬಡಿಸಿಕೊಳ್ಳಲು ಎದ್ದರು.