ಸಾವ್ಕಾರರ ಅಪ್ಪನ ಮೀಸೆ

ಹೋದ ಮೇ ತಿಂಗಳಲ್ಲಿ ನಾನು ತೀರಿಹೋದ ಹಿರಿಯರೊಬ್ಬರ ಮೀಸೆ ಕತ್ತರಿಸಿದೆ. ಒಂದು ಸಲ ಅಲ್ಲ, ಇನ್ನೂರಕ್ಕೂ ಜಾಸ್ತಿ ಸಲ.

ಗಾಬರಿ ಬೇಡ, ಸ್ಟಿಕರ್‌ನಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಸ್ಟಿಕರ್ ಅಂಗಡಿ. ಪ್ರಿಂಟೂ ಮಾಡಿ ಕಟಿಂಗೂ ಮಾಡುವ 54 ಇಂಚಿನ ಮಷಿನ್ ಇದೆ, ಅದರ ಸಾಲವೂ ಇದೆ. ಒಂದು ದಿನ ತೊಗರಿ ಬೇಳೆ ಮಿಲ್ಲಿನ ಸಾವ್ಕಾರರು ಬಂದರು. ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಮಾನ್ಯತೆ, ಸಿಕ್ಕಿದ್ದು 2019ರಲ್ಲಿ, ಇವರಿಗೆ ಪ್ಯಾಕೆಟ್ಟಿಗೊಂದು ಮುಖ ಬೇಕು ಅನಿಸಿದ್ದು ಈಗ. ಜೇಬಿನಿಂದ ಹಳೇ ಫೋಟೋ ತೆಗೆದರು.

"ನಮ್ಮಪ್ಪಂದ್ರಿ. ಮೀಸಿ ಛಲೋ ಬರ್ಬೇಕು ನೋಡ್ರಿ. ಊರಾಗ ಮೀಸಿ ಮ್ಯಾಲೇ ಹೆಸರಿತ್ತು ಅವರ್ದು."

ನನ್ನ ಬುದ್ಧಿವಂತಿಕೆ ಅಲ್ಲೇ ಶುರುವಾಯಿತು. ಕೆಂಪು ವೃತ್ತದ ನಡುವೆ ರುಮಾಲು ಸುತ್ತಿದ ಮುಖ, ವೃತ್ತ ದಾಟಿ ಎರಡೂ ಕಡೆ ಹೊರಗೆ ಚಾಚಿದ ಮೀಸೆ. ಬ್ಲೇಡು ಮೀಸೆಯ ತುದಿ ಸುತ್ತಿಕೊಂಡು ಬರಬೇಕು. ಸುತ್ತಲೂ 2 ಮಿಲಿಮೀಟರ್ ಬಿಳಿ ಅಂಚು ಬೇರೆ ಬಿಟ್ಟೆ, ಶೋಕಿಗೆ. ಈ ಕಸುಬಿನಲ್ಲಿ ಸಣ್ಣ ಬಿಳಿ ಅಂಚಿನಷ್ಟು ಚಾಡಿಕೋರ ಇನ್ನೊಂದಿಲ್ಲ. ಬಣ್ಣವನ್ನು ಬ್ಲೇಡು ಓಡುವ ಗೆರೆಯಿಂದ ಆಚೆಗೂ ಒಂದಿಷ್ಟು ಹರಿಸಿಬಿಟ್ಟರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಅಂಚಿದ್ದರೆ ಮಾತ್ರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಅವಸರದಲ್ಲಿ ಉಟ್ಟ ಧೋತರದ ಹಾಗೆ ಎದ್ದು ಕಾಣುತ್ತದೆ.

ಮಷಿನ್ ಪಾಪ ಪ್ರಾಮಾಣಿಕ ಪ್ರಾಣಿ. ಚಿತ್ರದ ಜೊತೆ ಮೂಲೆಗಳಲ್ಲಿ ಕಪ್ಪು ಗುರುತು ಪ್ರಿಂಟ್ ಮಾಡುತ್ತದೆ. ಆಮೇಲೆ ಸೆನ್ಸರ್ ಕಣ್ಣಿನಿಂದ ಆ ಗುರುತು ಹುಡುಕಿ, ಓಹೋ ಚಿತ್ರ ಇಲ್ಲಿದೆ, ಇಷ್ಟು ಸೊಟ್ಟಗಿದೆ ಅಂತ ಲೆಕ್ಕ ಹಾಕಿ ಬ್ಲೇಡು ಇಳಿಸುತ್ತದೆ. ಮೇಲಿನ ಪ್ಲಾಸ್ಟಿಕ್ ಪದರ, ಅಂದರೆ ವಿನೈಲ್, ಅಷ್ಟನ್ನೇ ಕತ್ತರಿಸಬೇಕು, ಕೆಳಗಿನ ಕಾಗದಕ್ಕೆ ಉಗುರಿನ ಗೀರಿನಷ್ಟೇ ಗುರುತು ಬೀಳಬೇಕು. ಅದಕ್ಕೆ ಹಾಫ್ ಕಟ್ ಅಂತೀವಿ. ಅದೆಲ್ಲ ಪರೀಕ್ಷೆ ಮಾಡಿದೆ, ಹೊಸ ಬ್ಲೇಡು ಹಾಕಿದೆ, ಸಿಪ್ಪೆ ಸುಲಿದು ನೋಡಿದೆ. ಬೆಣ್ಣೆ. ಆ ಖುಷಿಯಲ್ಲಿ 600 ಸ್ಟಿಕರನ್ನು, ಅಂದರೆ ಸುಮಾರು 6 ಮೀಟರ್ ಉದ್ದವನ್ನು, ನಾಲ್ಕೇ ಮೂಲೆಯ ಗುರುತು ಕೊಟ್ಟು ಒಂದೇ ಜಾಬ್ ಮಾಡಿ, ಪ್ರಿಂಟ್ ಮುಗಿದಿದ್ದೇ ತಡ ಕಟಿಂಗಿಗೆ ಬಿಟ್ಟು ಊಟಕ್ಕೆ ಹೋದೆ.

ರೊಟ್ಟಿ ತಿಂದು ಬಂದು ನೋಡಿದರೆ ಮೊದಲ ಮೀಟರ್‌ನಲ್ಲಿ ಸಾವ್ಕಾರರ ಅಪ್ಪ ರಾಜನ ಹಾಗಿದ್ದಾರೆ. ಮೂರನೇ ಮೀಟರ್‌ನಲ್ಲಿ ಸ್ವಲ್ಪ ತಲೆ ವಾಲಿಸಿದಂತಿದ್ದಾರೆ. ಕೊನೆಗೆ ಬಂದರೆ ಎಡಮೀಸೆಯ ತುದಿ 3 ಮಿಲಿಮೀಟರ್ ಹಾರಿಹೋಗಿದೆ, ಬಲಗಡೆ ದಪ್ಪ ಬಿಳಿ ಪಟ್ಟಿ, ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಳ್ಳದವರ ಹಾಗೆ.

ಮೊದಲು ಅಂಗಡಿ ಹುಡುಗನಿಗೆ ಬೈದೆ. ಆಮೇಲೆ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರಲ್‌ಗೆ. ಆಮೇಲೆ ಕರೆಂಟಿಗೆ. ಕರೆಂಟ್ ಹೋಗಿರಲೇ ಇಲ್ಲ, ಆದ್ರೂ ಅಭ್ಯಾಸ ಅಲ್ವಾ. ಹೈದರಾಬಾದಿನ ಸರ್ವೀಸ್ ಹುಡುಗನಿಗೆ ಫೋನ್ ಮಾಡಿದರೆ ಅವನು ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: "ಭಾಯ್, ಕೂಲರ್ ಎಲ್ಲಿಟ್ಟಿದೀರಿ?"

ಕೂಲರ್ ಮಷಿನ್ ಕಡೆಗೇ ಇತ್ತು. ಕಲಬುರಗಿ ಮೇ ತಿಂಗಳಲ್ಲಿ 43 ಡಿಗ್ರಿ, ನನಗೇ ಸೆಕೆ ಆದರೆ ಮಷಿನ್‌ಗೆ ಆಗಲ್ವಾ ಅನ್ನೋ ಪ್ರೀತಿ. ಕೂಲರಿನ ತಂಪು ಗಾಳಿಯಲ್ಲಿ ತೇವ ಇರುತ್ತದೆ, ವಿನೈಲ್ ಹಿಂದಿನ ಕಾಗದ ಅದನ್ನು ಕುಡಿದು ಉಬ್ಬುತ್ತದೆ. ಬಗ್ಗಿ ಬೆಳಕಿಗೆ ಹಿಡಿದು ನೋಡಿದೆ. ರೋಲಿನ ಒಂದು ಅಂಚು ಹಪ್ಪಳದ ಹಾಗೆ ಅಲೆ ಅಲೆ. ಆ ಕಡೆ ರೋಲರ್ ಹಿಡಿತ ಸಡಿಲ, ಈ ಕಡೆ ಬಿಗಿ. ಕತ್ತರಿಸುವಾಗ ರೋಲು ಒಂದೊಂದು ಮೀಸೆಗೂ ಹಿಂದೆ ಮುಂದೆ ಓಡಾಡುತ್ತದಲ್ಲ, ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ಜಾರುತ್ತದೆ. ನಲವತ್ತು ಐವತ್ತು ಸಾಲಿನ ಜಾರುವಿಕೆ ಕೂಡಿದರೆ ಅರ್ಧ ಮೀಸೆ. ಸಾಲದ್ದಕ್ಕೆ ಇಂಕು ಒಣಗಿಸುವ ಹೀಟರ್ ಮೇಲೆ ಹಾದು ಬಂದ ಬಿಸಿ ವಿನೈಲ್, ಸಾಲ್ವೆಂಟ್ ಇಂಕಿನಿಂದ ಇನ್ನೂ ಮೆತ್ತಗಿದೆ, ಆರುತ್ತಾ ಆರುತ್ತಾ ಕುಗ್ಗುತ್ತದೆ. ಗೆರೆ ಇದ್ದಲ್ಲೇ ಇತ್ತು, ಹಿರಿಯರೇ ಸರಿದಿದ್ದರು.

ಕೂಲರ್ ತಿರುಗಿಸಿದೆ. ಹೊಸ ರೋಲು ಹಾಕಿ, ಉದ್ದವನ್ನು ಒಂದೊಂದು ಮೀಟರಿಗೆ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಗುರುತು ಕೊಟ್ಟೆ. ಪ್ರಿಂಟ್ ಒಂದು ದಿನ ಒಣಗಲು ಬಿಟ್ಟು, ಲ್ಯಾಮಿನೇಷನ್ ಮಾಡಿ, ಮರುದಿನ ಕಟಿಂಗಿಗೆ ಕೂತೆ. ಬೆಳಗ್ಗೆಯೆಲ್ಲ ಎಷ್ಟು ಚೆಂದ ಓಡಿತು! ಸಂಜೆ ನಾಲ್ಕಕ್ಕೆ ಗುರುತೇ ಸಿಗ್ತಿಲ್ಲ ಅಂತ ಮಷಿನ್ ಕುಂಯ್‌ಗುಟ್ಟತೊಡಗಿತು. ಅರ್ಧ ತಾಸು ಸೆಟಿಂಗ್ ತಿರುವಿದ ಮೇಲೆ ಹುಡುಗ ಬಾಗಿಲ ಕಡೆ ಕೈ ತೋರಿಸಿದ. ಪಶ್ಚಿಮದ ಬಾಗಿಲು, ಇಳಿಬಿಸಿಲು, ಹೊಳೆಯುವ ಲ್ಯಾಮಿನೇಷನ್. ಸೆನ್ಸರ್ ಕಣ್ಣು ಕುಕ್ಕಿಹೋಗಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಬಾಗಿಲಿಗೆ ಅಡ್ಡ ಕಟ್ಟಿದೆ. ಲಕ್ಷಗಟ್ಟಲೆ ಮಷಿನ್, ಎಂಬತ್ತು ರೂಪಾಯಿ ಟವೆಲ್. ಓಡಿತು.

ಸಾವ್ಕಾರರು ಬಂದರು. ಒಂದೊಂದು ಹಾಳೆಯನ್ನೂ ನೋಡಿ, ತಮ್ಮ ಮೀಸೆ ಮೇಲೊಮ್ಮೆ ಕೈಯಾಡಿಸಿ ಖುಷಿಪಟ್ಟರು. ಚಹಾ ಕುಡಿಯುವಾಗ ಕಣ್ಣು ಮೂಲೆಗೆ ಬಿತ್ತು. ಕೆಟ್ಟ ಹಾಳೆಗಳನ್ನು ಮುಚ್ಚಿಡುವುದು ಮರೆತಿದ್ದೆ. ಎದ್ದು ಹೋಗಿ ಒಂದನ್ನು ಎತ್ತಿ ಕನ್ನಡಕ ಹಾಕಿಕೊಂಡರು. ನಾನು ಅಡ್ವಾನ್ಸ್ ವಾಪಸ್ ಕೊಡಲು ಗಲ್ಲಾಕ್ಕೆ ಕೈ ಹಾಕಿದೆ.

"ಇದು ನಮ್ಮ ಕಾಕಾನ ಹಂಗ ಕಾಣ್ಲತ್ತದಲ್ರಿ" ಅಂದರು. "ಅವನ ಮೀಸಿನೂ ಒಂದ್ ಕಡಿ ಸಣ್ದೇ ಇತ್ತು. ಎರಡ್ನೇ ನಂಬರ್ ಬ್ಯಾಳಿಗಿ ಇದೇ ಇರ್ಲಿ. ಇನ್ನೊಂದ್ ಐನೂರು ಹಿಂಗೇ ಮಾಡಿಕೊಡ್ರಿ."

ನಿನ್ನೆಯಿಂದ ಅದೇ ಕೆಲಸ. ಕೂಲರ್ ಮತ್ತೆ ಮಷಿನ್‌ಗೆ ತಿರುಗಿಸಿದೆ. ಒಂದೇ ಉದ್ದದ ಜಾಬ್ ಮಾಡಿದೆ, ಬಿಸಿ ಬಿಸಿ ಇದ್ದಾಗಲೇ ಕತ್ತರಿಸಿದೆ, ಊಟಕ್ಕೂ ಹೋಗಿ ಬಂದೆ. ಆರು ಮೀಟರ್ ಉದ್ದಕ್ಕೂ ಎರಡೂ ಮೀಸೆ ಪೂರ್ತಿ, ಅಂಚು ದಾರ ಹಿಡಿದಂತೆ ಸಮ.

ಹುಡುಗ ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ಕೋರಲ್‌ದಾಗ ಗೆರಿನೇ ಮೂರು ಮಿಲಿಮೀಟರ್ ಸರಸಿದ್ರ ಆತಲ್ರಿ" ಅಂದ.