ಸ್ಪಷ್ಟನೆ: ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಕನ್ನಡ ಪತ್ರಿಕೆಗೂ ಚಿತ್ರ ಬರೆದಿದ್ದರು

‘ಆರ್.ಕೆ. ಲಕ್ಷ್ಮಣ್ ಮೈಸೂರಲ್ಲಿ ಹುಟ್ಟಿದ್ದಷ್ಟೇ, ಕನ್ನಡಕ್ಕಾಗಿ ಒಂದು ಗೆರೆಯನ್ನೂ ಎಳೆಯಲಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಡಾ. ಎಂ. ಶಿವರಾಂ, ಅಂದರೆ ‘ರಾಶಿ’ ಎಂಬ ಕಾವ್ಯನಾಮದ ನಮ್ಮ ಹಾಸ್ಯ ಸಾಹಿತಿ, 1942ರಲ್ಲಿ ‘ಕೊರವಂಜಿ’ ಶುರು ಮಾಡಿದರು. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಕ್ಲಿನಿಕ್ ನಡೆಸುತ್ತಲೇ ಈ ನಗೆ ಮಾಸಪತ್ರಿಕೆಯನ್ನೂ ನಡೆಸಿದವರು ಅವರು. ಅದಕ್ಕೆ ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆದುಕೊಟ್ಟಿದ್ದಾರೆ. ಹೊಸ ಹುಡುಗರನ್ನು ಕರೆದು ಬರೆಸುವುದು ರಾಶಿಯವರ ದೊಡ್ಡ ಗುಣ. ಮಹಾರಾಜ ಕಾಲೇಜಿನಲ್ಲಿ ಓದುವಾಗಲೇ ಲಕ್ಷ್ಮಣ್ ಸ್ಥಳೀಯ ಪತ್ರಿಕೆಗಳಿಗೆ ರಾಜಕೀಯ ಕಾರ್ಟೂನ್ ಬರೆಯುತ್ತಿದ್ದರು, ಅಣ್ಣ ಆರ್.ಕೆ. ನಾರಾಯಣ್ ಕಥೆಗಳಿಗೆ ಚಿತ್ರವನ್ನೂ ಬರೆಯುತ್ತಿದ್ದರು.

ಮುಂಬೈಗೆ ಹೋದ ಮೇಲೆ ಕೆಲಸವೆಲ್ಲ ಜಾಸ್ತಿ ಇಂಗ್ಲಿಷ್ ಪತ್ರಿಕೆಗೇ ಆಯಿತು, ನಿಜ. ಆದರೆ ಕೈ ಪಳಗಿದ್ದು ಮೈಸೂರಲ್ಲಿ. ಚಿಕ್ಕಂದಿನಲ್ಲಿ ಅರಳಿ ಎಲೆ ಬರೆದು ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗ, ಮನೆಯ ಗೋಡೆ, ಬಾಗಿಲು, ನೆಲ ಯಾವುದನ್ನೂ ಬಿಟ್ಟಿರಲಿಲ್ಲ. ಅವರಿಗೆ ಪ್ರಾಣವಾಗಿದ್ದ ಕಾಗೆಗಳ ಗೀಳು ಹತ್ತಿದ್ದೂ ಆಗಲೇ. ಅವರು ಬರೆದ ಚಿತ್ರಗಳಲ್ಲಿ ಕಾಗೆ ಕತ್ತು ಓರೆ ಮಾಡಿ ನೋಡುವ ರೀತಿ ನೋಡಿ, ಎಷ್ಟು ಹೊತ್ತು ಕೂತು ಗಮನಿಸಿರಬೇಕು ಅಲ್ವಾ!

ಅದೇ ಸಂದೇಶದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರಗಳು ನಾರಾಯಣ್ ಅವರವು ಎಂದೂ ಇದೆ. ಶಂಕರ್ ನಾಗ್ ನಿರ್ದೇಶಿಸಿದ ಆ ಧಾರಾವಾಹಿಗೆ ಚಿತ್ರ ಬರೆದವರೂ ಲಕ್ಷ್ಮಣ್ ಅವರೇ. ಹಳೆಯ ‘ಕೊರವಂಜಿ’ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.